ಮೂವರ ಎಕೋ

ಶರಣು ಬಿದ್ದದ್ದು ಕಬಡ್ಡಿ ಅಂಕಣದಲ್ಲಿ. ಯಾರೂ ಹಿಡಿದು ಕೆಡವಿದ್ದಲ್ಲ. ರೈಡ್ ಮುಗಿಸಿ ತನ್ನ ಕಡೆಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತವನು ಹಾಗೆಯೇ ಮುಂದಕ್ಕೆ ಬಿದ್ದನಂತೆ. ತಮಾಷೆ ಮಾಡುತ್ತಿದ್ದಾನೆಂದು ಜೊತೆಯವರು ನಕ್ಕರಂತೆ.

ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಪಿಯುಸಿ ಓದುತ್ತಿದ್ದ ನನ್ನ ಮಗ. ಜ್ವರವೆಂದು ಕೂಡ ಸರಿಯಾಗಿ ಮಲಗಿದವನಲ್ಲ.

ಪೋಸ್ಟ್‌ಮಾರ್ಟಮ್ ಮಾಡಿದ ಡಾಕ್ಟರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ್ದರು. ಅವರು ಅದನ್ನು ನನಗೆ ತಿಳಿಸಿದ್ದು ಯಾದಗಿರಿ ಕಡೆಯ ನಮ್ಮೂರಿನಲ್ಲಿ ಕಾರ್ಯ ಮುಗಿಸಿಕೊಂಡು ಕೆ.ಆರ್. ಪುರದ ಬಾಡಿಗೆ ಮನೆಗೆ ವಾಪಸ್ ಬಂದ ಮೇಲೆ. ಹುಡುಗನ ಹೃದಯದ ಸ್ನಾಯು ವಿಪರೀತ ದಪ್ಪವಾಗಿತ್ತಂತೆ. ಅದು ವಂಶದಲ್ಲಿ ಬರುವ ಕಾಯಿಲೆಯಂತೆ. ಮನೆಯವರೆಲ್ಲ ಒಮ್ಮೆ ಎಕೋ ಮಾಡಿಸಿಕೊಳ್ಳಬೇಕಂತೆ.

"ಎಕೋ ಅಂದ್ರೇನ್ರಿ?" ಎಂದೆ.

"ಹೊಟ್ಟ್ಯಾಗ ಕೂಸು ನೋಡ್ತಾರಲ್ಲ, ಹಂಗೇ ಎದಿ ನೋಡ್ತಾರಂತ," ಅಂದರು. ಆಮೇಲೆ, "ಹೋದಾಂವ ಹೋದ. ಇನ್ನ ನೋಡಿ ಏನ್ ಮಾಡೋದದ?"

ನನಗೆ ಇನ್ನೂ ಮಗಳು ಭಾಗ್ಯ ಇದ್ದಳು. ಎಂಟನೇ ಕ್ಲಾಸು. ಶಾಲೆಯ ಓಟದ ತಂಡದಲ್ಲಿದ್ದಳು. ಬೆಳಿಗ್ಗೆ ಅವಳು ಬ್ಯಾಗು ಏರಿಸಿಕೊಂಡು ಬಸ್ಸಿಗೆ ಓಡುವುದನ್ನು ನೋಡುತ್ತ ಬಾಗಿಲಲ್ಲಿ ನಿಂತರೆ, ಅವಳು ತಿರುವು ದಾಟುವವರೆಗೆ ಒಳಗೆ ಹೋಗುತ್ತಿರಲಿಲ್ಲ. ಹಟ ಹಿಡಿದು ಇಬ್ಬರನ್ನೂ ಕರೆದುಕೊಂಡು ಹೊರಟೆ.

ಕಂಟೋನ್ಮೆಂಟ್ ಕಡೆಯ ದೊಡ್ಡ ಆಸ್ಪತ್ರೆ. ಎಕೋ ರೂಮಿನಲ್ಲಿ ಕತ್ತಲೆ, ಎ.ಸಿ.ಯ ಚಳಿ. ಮೊದಲು ನನ್ನ ಗಂಡ ಮಲಗಿದರು. ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಕೈಯಲ್ಲಿ ಹಿಡಿಯುವ ಸಣ್ಣ ಸಾಧನವೊಂದನ್ನು ಪಕ್ಕೆಲುಬುಗಳ ನಡುವೆ ಒತ್ತಿದರು. ಬೇಗ ಮುಗಿಯಿತು. ನಾರ್ಮಲ್.

ಆಮೇಲೆ ಭಾಗ್ಯ. ಡಾಕ್ಟರು ನನ್ನ ವಯಸ್ಸಿನ ಹೆಂಗಸು. "ಯಾವ ಸ್ಕೂಲು ಪುಟ್ಟಾ? ಓಡ್ತೀಯಾ? ಎಷ್ಟು ಮೆಡಲ್ ಬಂದಿದೆ?" ಎಂದು ಮಾತಾಡಿಸುತ್ತಲೇ ಇದ್ದರು.

ನಡುವೆ ಮಾತು ನಿಂತಿತು.

ಪರದೆಯ ಮೇಲೆ ಗೆರೆ ಎಳೆದು ಅಳೆದರು. ಅಳಿಸಿ ಮತ್ತೆ ಅಳೆದರು. ನನ್ನ ಕಡೆ ನೋಡಲಿಲ್ಲ. "ಈಗ ನೀವು ಬನ್ನಿ," ಅಂದರು.

"ನನಗೇನೂ ಇಲ್ಲ ಮೇಡಂ. ಅಂಗನವಾಡಿ ಕೆಲಸ, ದಿನವಿಡೀ ನಿಂತೇ ಇರ್ತೀನಿ."

"ನೋಡ್ಬಿಡೋಣ ಅಮ್ಮ. ಎಡಕ್ಕೆ ತಿರುಗಿ ಮಲಗಿ. ಉಸಿರು ಹಿಡ್ಕೊಳ್ಳಿ. ಹಾಂ, ಬಿಡಿ."

ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು: "ನಿಮ್ಮ ತವರು ಕಡೆ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ದಿಢೀರಂತ ಹೋಗ್ಬಿಟ್ಟಿದಾರಾ?"

ನಮ್ಮಪ್ಪ.

ಜೋಳದ ಚೀಲ ಹೊರುತ್ತಿದ್ದಾಗ ಬಿದ್ದು ಸತ್ತಿದ್ದ. ಬಿಸಿಲು ಬಡಿಯಿತು ಎಂದಿದ್ದರು ಊರವರು. ನಾವೂ ಹಾಗೆಯೇ ನಂಬಿದ್ದೆವು.

ಡಾಕ್ಟರು ಪರದೆಯನ್ನು ನನ್ನತ್ತ ತಿರುಗಿಸಿದರು. ಬೂದು ಬಣ್ಣದ ಏನೋ ಒಂದು ಒಳಗೆ ಹೊಯ್ದಾಡುತ್ತಿತ್ತು. "ಇದು ಹಾರ್ಟಿನ ಮಧ್ಯದ ಗೋಡೆ. ನಿಮ್ಮದು ದಪ್ಪ ಇದೆ. ಮಗಳದ್ದೂ ಇದೆ."

"ಶರಣುಗೆ ನನ್ನಿಂದ ಬಂತಾ?"

ಅವರು ಟಿಶ್ಯೂ ಪೇಪರ್ ಕೊಟ್ಟರು. "ಹೌದು. ಅದು ಯಾರ ಕೈಲೂ ಇರೋದಲ್ಲ ಅಮ್ಮ."

ಜೆಲ್ ಒರೆಸಿಕೊಂಡೆ. ಎಷ್ಟು ಒರೆಸಿದರೂ ಅಂಟು ಹೋಗಲಿಲ್ಲ.

ಗೋಡೆಯನ್ನು ತೆಳ್ಳಗೆ ಮಾಡುವ ಔಷಧಿ ಇಲ್ಲವಂತೆ. ದಿನಕ್ಕೊಂದು ಗುಳಿಗೆ. ಓಟ, ಆಟ ಬಂದ್. ತಲೆ ಸುತ್ತಿದರೆ ಕೂಡಲೇ ಬರಬೇಕು. ವರ್ಷಕ್ಕೊಮ್ಮೆ ಎಕೋ.

ಭಾಗ್ಯ ಒಂದೇ ಪ್ರಶ್ನೆ ಕೇಳಿದಳು. "ಸ್ಪೋರ್ಟ್ಸ್ ಡೇ ಆದ್ಮೇಲೆ ಬಿಟ್ರೆ ಆಗಲ್ವಾ ಮೇಡಂ?"

"ಆಗಲ್ಲ ಪುಟ್ಟಾ."

ಮನೆಗೆ ಬಂದ ಮೇಲೆ ನನ್ನ ಗಂಡ ಮಾತು ಬಿಟ್ಟರು. ಕೆಲಸಕ್ಕೆ ಹೋಗುವುದು, ಬರುವುದು, ಉಣ್ಣುವುದು. ಒಂದು ಸಂಜೆ ರೊಟ್ಟಿ ಮುರಿಯುತ್ತ, ತಟ್ಟೆ ನೋಡಿಕೊಂಡೇ ಅಂದರು:

"ನಿಮ್ಮ ಮನಿಯಿಂದ ಬಂತು."

ಊಟ ಮುಗಿಸಿ ಎದ್ದರು. ನಾನು ತಟ್ಟೆ ತೊಳೆದೆ. ಆಮೇಲೆ ಅವರು ಆ ಮಾತು ಇನ್ನೊಮ್ಮೆ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ, ಅಷ್ಟರಲ್ಲಿ ಅದು ನನ್ನೊಳಗೆ ದಿನವಿಡೀ ತಾನೇ ಆಡಿಕೊಳ್ಳುತ್ತಿತ್ತು. ನನ್ನ ಮೂಗು, ನನ್ನ ಗುಂಗುರು ಕೂದಲು ಮಕ್ಕಳಿಗೆ ಬಂದಿದೆಯೆಂದು ಜನ ಹೇಳಿದಾಗ ಹಿಗ್ಗಿದ್ದವಳು ನಾನು. ಅದರ ಜೊತೆಗೇ ಇದೂ ಹೋಗಿತ್ತು. ನನ್ನನ್ನು ಇಷ್ಟು ವರ್ಷ ಏನೂ ಮಾಡದೆ ಬಿಟ್ಟು, ಅವನನ್ನು ಮಾತ್ರ ಯಾಕೆ ಎತ್ತಿಕೊಂಡಿತು? ಡಾಕ್ಟರನ್ನು ಕೇಳಿದೆ. ಒಬ್ಬೊಬ್ಬರಲ್ಲಿ ಒಂದೊಂದು ಥರ, ಹೇಳೋಕಾಗಲ್ಲ ಎಂದರು. ಅವರಿಗೂ ಗೊತ್ತಿಲ್ಲದ್ದು ಇದೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಭಾಗ್ಯ ಓಟದ ಶೂಗಳನ್ನು ಗೆಳತಿಗೆ ಕೊಟ್ಟು ಬಂದಳು. ಎರಡು ದಿನ ಅತ್ತಳು. ಅಂಗಳದಲ್ಲಿ ಅವಳು ಸ್ವಲ್ಪ ಬಿರುಸಾಗಿ ನಡೆದರೂ ನಾನು ಕೂಗುತ್ತಿದ್ದೆ, ಅವಳು ಸಿಡುಕುತ್ತಿದ್ದಳು. ಒಂದು ಬೆಳಿಗ್ಗೆ ನನ್ನ ಗುಳಿಗೆಯನ್ನೂ ತನ್ನದನ್ನೂ ಅಂಗೈಯಲ್ಲಿಟ್ಟುಕೊಂಡು ಬಂದು ಅಂದಳು: "ನಂಗೊಬ್ಳಿಗೇ ಇದ್ದಿದ್ರೆ ತುಂಬಾ ಭಯ ಆಗ್ತಿತ್ತು ಅವ್ವ. ನಿಂಗೂ ಇದೆಯಲ್ಲ."

ಅವಳ ಅಂಗೈಯಿಂದ ನನ್ನದನ್ನು ಎತ್ತಿಕೊಂಡೆ. ನೀರು ಕುಡಿದು ಗುಳಿಗೆ ನುಂಗಿದೆ.

ಕಳೆದ ತಿಂಗಳು ಮತ್ತೆ ಎಕೋ ಆಯಿತು. ಅದೇ ರೂಮು, ಅದೇ ಡಾಕ್ಟರು. "ಇಬ್ಬರದ್ದೂ ಜಾಸ್ತಿ ಆಗಿಲ್ಲ," ಎಂದರು. ಕಡಿಮೆಯಾಗುವುದಿಲ್ಲ ಎಂದು ನನಗೆ ಗೊತ್ತಿದೆ. ಜಾಸ್ತಿ ಆಗಿಲ್ಲ ಎಂಬ ಮಾತನ್ನೇ ಹಿಡಿದುಕೊಂಡು ಹೊರಗೆ ಬಂದೆ.

ನಾವು ಮೂವರೂ ಶಿವಾಜಿನಗರದ ಬಸ್ ಸ್ಟ್ಯಾಂಡಿಗೆ ಬಂದಾಗ ಕೆ.ಆರ್. ಪುರದ ಬಸ್ಸು ಹೊರಟೇಬಿಟ್ಟಿತ್ತು. ಓಡಲೆಂದು ಭಾಗ್ಯಳ ಹಿಮ್ಮಡಿ ಎದ್ದಿತು. ನಾನು ಅವಳ ರಟ್ಟೆ ಹಿಡಿದೆ.

ನನ್ನ ಗಂಡ ಓಡಿದರು.

ಎಂದೂ ಓಡಿದ ಮನುಷ್ಯನಲ್ಲ. ಚಪ್ಪಲಿ ಬಡಿಯುತ್ತ ಹೋಗಿ ಬಸ್ಸಿನ ಮೈಗೆ ಗುದ್ದಿದರು. ಬಸ್ಸು ನಿಂತಿತು. ಒಂದು ಕಾಲು ಫುಟ್‌ಬೋರ್ಡ್ ಮೇಲೆ, ಒಂದು ಕಾಲು ನೆಲದ ಮೇಲೆ.

"ಹತ್ತೋದಾದ್ರೆ ಹತ್ರೀ, ಇಲ್ಲಾಂದ್ರೆ ಇಳೀರಿ!" ಕಂಡಕ್ಟರ್ ರೇಗಿದ.

"ಹೆಣ್ಮಕ್ಳು ಬರ್ಲಿಕತ್ಯಾರ, ನಿಂದ್ರಪ್ಪಾ. ಅವರಿಗಿ ಓಡ್ಲಿಕ್ಕ ಬರಲ್ಲ." ಆಮೇಲೆ ನಮ್ಮ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೂಗಿದರು: "ಸಾವಕಾಶ ಬರ್ರಿ! ಸಾವಕಾಶ!"

ಕಿಟಕಿಗಳಿಂದ ಜನ ನಮ್ಮನ್ನೇ ನೋಡುತ್ತಿದ್ದರು. ನಾವಿಬ್ಬರೂ ಸಾವಕಾಶವಾಗಿಯೇ ನಡೆದು ಹೋಗಿ ಹತ್ತಿದೆವು.