ಪಿಳ್ಳಮ್ಮಜ್ಜಿಯ ಏಟು

ನಮ್ಮ ಅಜ್ಜಿ ಪಿಳ್ಳಮ್ಮನ ಎಡಗಿವಿಯ ಹಾಲೆ ಎರಡು ಸೀಳಾಗಿ ನೇತಾಡುತ್ತಿತ್ತು. ನಾನು ಕೇಳಿದರೆ, "ನಿಮ್ ತಾತ ಆಸೆಯಿಂದ ಮಾಡ್ಸಿದ ಓಲೆ ಕಣೇ, ಆಸೆಯಿಂದ್ಲೇ ಕಿತ್ಕೊಂಡ" ಎಂದು ಎಲೆಯಡಿಕೆ ಉಗಿದು ನಗುತ್ತಿದ್ದಳು.

ಆಗಿನ್ನೂ ಹೆಬ್ಬಗೋಡಿಯ ಸುತ್ತ ರಾಗಿ ಹೊಲಗಳಿದ್ದವಂತೆ. ಇಸ್ಪೀಟಿನ ಹುಚ್ಚಿಗೆ ತಾತ ಓಲೆಗೆ ಕೈ ಹಾಕಿದ, ಕಿವಿ ಹರಿಯಿತು. ಅಜ್ಜಿ ಗಾಯಕ್ಕೆ ಅರಿಶಿನ ಮೆತ್ತಿಕೊಂಡು, ಅವನು ಕುಡಿದು ಉರುಳಿಕೊಳ್ಳುವ ತನಕ ಕಾದಳು. ಎತ್ತಿನ ಹಗ್ಗದಲ್ಲಿ ಅವನನ್ನು ಕೊಟ್ಟಿಗೆಯ ಗೂಟಕ್ಕೆ ಬಿಗಿದಳು. ಎಚ್ಚರವಾದಾಗ ಮುಂದೆ ಒಂದು ಹಿಡಿ ಹುಲ್ಲು ಹಾಕಿ, ಬಾರುಕೋಲಿನಿಂದ ಚರ್ಮ ಸುಲಿಯುವ ಹಾಗೆ ಬಡಿದಳು. ಸಂಜೆ ಅವಳ ಅತ್ತೆಯೇ ಬಂದು ಕಾಲು ಹಿಡಿದ ಮೇಲೆ ಬಿಚ್ಚಿದ್ದು. ಅಲ್ಲಿಂದ ಸಾಯುವ ತನಕ ತಾತ ಕುಡಿದ ದಿನ ಮನೆಗೆ ಬರದೆ ಬಣವೆ ಪಕ್ಕ ಮಲಗುತ್ತಿದ್ದ.

ಅವಳು ಎಲ್ಲರಿಗೂ ಹೊಡೆಯುತ್ತಿದ್ದಳು. ಮೀಸೆ ನೆರೆತ ನಮ್ಮಪ್ಪ ಪಂಚಾಯ್ತಿ ಕಟ್ಟೆಯ ಮೇಲೆ, ಹತ್ತು ಜನರ ಎದುರು ಕಪಾಳಕ್ಕೆ ಹಾಕಿಸಿಕೊಂಡಿದ್ದ. ಸೌಟು ಬೀಸಿ ಎಸೆದ ಗುರುತು ನನ್ನ ಮೊಣಕಾಲಿನ ಕೆಳಗೆ ಈಗಲೂ ಇದೆ. ಹೊಡೆದ ಮೇಲೆ ಮುದ್ದೆಗೆ ಜಾಸ್ತಿ ತುಪ್ಪ ಬೀಳುತ್ತಿತ್ತು ನಿಜ. ಹಾಗಂತ ಅದನ್ನೆಲ್ಲ ಪ್ರೀತಿ ಎಂದು ನಾನು ಬೂಸಿ ಬಿಡುವುದಿಲ್ಲ. ನೋಯುತ್ತಿತ್ತು, ಅಷ್ಟೇ.

ಹೊಸೂರು ರಸ್ತೆಯ ಮೇಲ್ಸೇತುವೆ ಏಳುವ ಹೊತ್ತಿಗೆ ನಮ್ಮ ಹೊಲದಲ್ಲಿ ಶೀಟು ಹೊದಿಸಿದ ಬಾಡಿಗೆ ಕೋಣೆಗಳ ಸಾಲು ಎದ್ದಿತ್ತು. ಅದರಲ್ಲೊಂದಕ್ಕೆ ಯಾದಗಿರಿ ಕಡೆಯ ಮಲ್ಲಪ್ಪ, ಶಾಂತವ್ವ ಬಂದರು. ಅವನದು ಸೇತುವೆಯ ಕೆಲಸ, ಅವಳು ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಭಾನುವಾರ ಬಂತೆಂದರೆ ಅವನು ಕುಡಿದು ಅವಳ ತಲೆಯನ್ನು ಗೋಡೆಗೆ ಚಚ್ಚುತ್ತಿದ್ದ.

ಒಂದು ಭಾನುವಾರ ಅಜ್ಜಿ ಹಾರೆಯಿಂದ ಬಾಗಿಲ ಚಿಲಕ ಮೀಟಿದಳು. ಮಲ್ಲಪ್ಪನ ಜುಟ್ಟು ಹಿಡಿದು ಅಂಗಳಕ್ಕೆ ಎಳೆದು, ತೊಟ್ಟಿಯ ಹತ್ತಿರ ಬಿದ್ದಿದ್ದ ನೀರಿನ ಪೈಪಿನ ತುಂಡಿನಿಂದ ಬಾಸುಂಡೆ ಬರುವಂತೆ ಬಾರಿಸಿದಳು. ಹಣೆಯಿಂದ ರಕ್ತ ಇಳಿಯುತ್ತಿದ್ದ ಶಾಂತವ್ವ ಹೊರಗೆ ಓಡಿ ಬಂದವಳೇ ಅಜ್ಜಿಯ ಕೆನ್ನೆಗೆ ಫಟಾರನೆ ಬಿಟ್ಟಳು.

"ನನ್ ಗಂಡಗ ಹೊಡ್ಯಾಕ ನೀ ಯಾವಾಕಿ ಮುದುಕಿ?"

ಅಯ್ಯಯ್ಯೋ, ಪಿಳ್ಳಮ್ಮನಿಗೇ ಏಟು! ವಠಾರವೆಲ್ಲ ಅಂಗಳಕ್ಕೆ ಇಳಿಯಿತು. ಅಪ್ಪ "ಈಗ್ಲೇ ರೂಮ್ ಖಾಲಿ ಮಾಡ್ರೋ" ಎಂದು ಕೂಗಿದ. ಅಜ್ಜಿ ಕೆನ್ನೆ ಸವರಿಕೊಂಡು ನಕ್ಕಳು.

"ಅಲೆಲೆಲೆ! ಕೈ ಎತ್ತಕ್ಕೆ ಬತ್ತದಲ್ಲಮ್ಮಿ ನಿಂಗೆ! ನಂಗೆ ಆಕ್ದಂಗೇ ಆ ಮುಂಡೇಮಗನಿಗೂ ಆಕು. ಇಲ್ದಿದ್ರೆ ಒಂದಿನ ನಿನ್ ಎಣ ತೊಳೆಯೋದು ನಾನೇ ಆಯ್ತದೆ."

"ಗಂಡನ ಮ್ಯಾಲ ಕೈ ಮಾಡಿದ್ರ ನರಕಕ್ಕ ಹೋಗ್ತೀನಿ."

"ಓಗಮ್ಮಿ. ನಾನು ಮುಂಚೆ ಓಗಿ ಜಾಗ ಇಡ್ದಿರ್ತೀನಿ."

ರೂಮು ಖಾಲಿಯಾಗಲಿಲ್ಲ. ಶಾಂತವ್ವ ಅಂಗಳದಲ್ಲಿ ಪಟಪಟ ಜೋಳದ ರೊಟ್ಟಿ ತಟ್ಟುವಾಗ ಅಜ್ಜಿ ಎದುರು ಕೂತು ಛೇಡಿಸುತ್ತಿದ್ದಳು: "ರೊಟ್ಟಿಗೆ ಇಂಗೆ ಬಾರಿಸ್ತೀಯ, ಗಂಡನ ಮುಂದೆ ಮಾತ್ರ ಬಾಲ ಮುದುರ್ಕತೀಯ." ಅಜ್ಜಿ ಹೊರಗೆ ಮಂಚದ ಮೇಲೆ ಕೂತಿರುವಷ್ಟು ದಿನ ಮಲ್ಲಪ್ಪ ಬೆಕ್ಕಿನ ಹಾಗೆ ಒಳಗೆ ನುಸುಳುತ್ತಿದ್ದ. ಹೆಂಡತಿಯ ಮೈಮೇಲೆ ಕೈ ಬೀಳಲಿಲ್ಲ.

ಆಮೇಲೆ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸತ್ತವು, ಬಾಯಿ ಸೊಟ್ಟಗಾಯಿತು. ಅವಳ ತೊದಲು ಮಾತು ನಮಗ್ಯಾರಿಗೂ ತಿಳಿಯುತ್ತಿರಲಿಲ್ಲ. ದಿನವೂ ಗಂಜಿ ಕುಡಿಸುತ್ತಿದ್ದ ಶಾಂತವ್ವನಿಗೆ ಮಾತ್ರ ತಿಳಿಯುತ್ತಿತ್ತು.

ಮಲ್ಲಪ್ಪ ಇದಕ್ಕೇ ಕಾಯುತ್ತಿದ್ದ, ಬೇವರ್ಸಿ. ಒಂದು ಮಧ್ಯಾಹ್ನ ಕುಡಿದು ಬಂದು ಮಂಚದ ಮುಂದೆ ನಿಂತು, "ಏಳಬೇ ಮುದುಕಿ, ಈಗ ಹೊಡಿ ನೋಡೂಣು" ಎಂದ. ಗಂಜಿ ಕುಡಿಸುತ್ತಿದ್ದ ಶಾಂತವ್ವನ ಜಡೆ ಹಿಡಿದು ತೊಟ್ಟಿಯವರೆಗೆ ಎಳೆದ, ಕೆಡವಿ ಅವಳ ಎದೆಯ ಮೇಲೆ ಮಂಡಿಯೂರಿದ, ಒಂದು ಸೈಜುಗಲ್ಲು ಎತ್ತಿದ. ಅಪ್ಪ ಮನೆಯಲ್ಲಿರಲಿಲ್ಲ. ನಾನು ಕಿರುಚುತ್ತಾ ಅವನ ಅಂಗಿ ಜಗ್ಗಿದೆ, ಅವನು ನೂಕಿದ ರಭಸಕ್ಕೆ ದೂರ ಬಿದ್ದೆ.

ಧೊಪ್ಪನೆ ಸದ್ದಾಯಿತು. ಅಜ್ಜಿ ಮಂಚದಿಂದ ತಾನೇ ಉರುಳಿದ್ದಳು. ಎಡಗೈಯಲ್ಲಿ ನೆಲ ಬಗೆಯುತ್ತಾ ತೆವಳಿ ಬಂದು, ಆ ಸೊಟ್ಟ ಬಾಯಲ್ಲೇ ಅವನ ಮೀನಖಂಡ ಕಚ್ಚಿದಳು. ಅವನು ಕಲ್ಲು ಬಿಟ್ಟು ಎದ್ದು ಅವಳ ಮುಖಕ್ಕೇ ಒದ್ದ. ಮತ್ತೂ ಒದ್ದ.

ತನಗಾಗಿ ಒಮ್ಮೆಯೂ ಕೈ ಎತ್ತದ ಶಾಂತವ್ವ ಆಗ ಎದ್ದಳು. ಹಿಂದಿನಿಂದ ಗಂಡನನ್ನು ನೂಕಿ ಕೆಡವಿ, ಬಿದ್ದಿದ್ದ ಕಲ್ಲನ್ನೇ ಎತ್ತಿ ಅವನ ಮುಂಗೈ ಮೇಲೆ ಹಾಕಿದಳು. ಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. ಅವನು ಊಳಿಡುತ್ತಾ ನೆಲದಲ್ಲಿ ಹೊರಳಾಡಿದ.

ಮಣ್ಣಿನಲ್ಲಿ ಬಿದ್ದಿದ್ದ ಅಜ್ಜಿ ರಕ್ತದ ಬಾಯಲ್ಲಿ ಏನೋ ತೊದಲುತ್ತಿದ್ದಳು. ಶಾಂತವ್ವ ಬಗ್ಗಿ ಕಿವಿ ಕೊಟ್ಟಳು. ಅಷ್ಟರಲ್ಲಿ ಅವನು ಎದ್ದು, ಮುರಿದ ಕೈ ಹಿಡಿದುಕೊಂಡು ರಸ್ತೆಯ ಕಡೆ ಓಡಿದ. ಮತ್ತೆ ಅವನ ಮುಖ ನಾವು ಕಾಣಲಿಲ್ಲ. ಸಂಜೆಗೆ ಅಜ್ಜಿಯ ಜೀವ ಹೋಯಿತು.

ಹೆಣದ ಸುತ್ತ ಕೂತ ನೆಂಟರ ಹೆಂಗಸರು ಸಾವಿನ ಮನೆಯಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದರು: "ಕೊನೇ ಗಳಿಗೇಲಿ ದೇವ್ರ ಎಸ್ರು ಏಳಿದ್ಲಾ?"

ತಲೆಯ ಹತ್ತಿರ ಕೂತಿದ್ದ ಶಾಂತವ್ವ ಮುಖವೆತ್ತಿದಳು.

"ಇಲ್ರೀ. 'ಇನ್ನೊಂದ್ ಹಾಕು' ಅಂದ್ಲು. ನಾ ಹಾಕ್ಲಿಲ್ಲ" ಎಂದಳು. ಎದೆ ಎದೆ ಬಡಿದುಕೊಂಡು ಅತ್ತಳು. "ಹಾಕಬೇಕಿತ್ತರೀ, ಯವ್ವಾ. ಹಾಕಬೇಕಿತ್ತು."