ಹೀಟರ್ ಹಾಕಿದವನು ನಾನು

ಜಯಮ್ಮಾಂಟಿ, ಆ ದಿನ ಹೀಟರ್ ಹಾಕಿದವನು ನಾನು. ನೀವು ಆರಿಸಿಯೇ ಹೋಗಿದ್ದಿರಿ. ನಿಮಗೆ ಮರೆವಿಲ್ಲ — ಆಗಲೂ ಇರಲಿಲ್ಲ.

ಮೂರು ವರ್ಷ ಈ ಮಾತು ಬಾಯಿಗೆ ಬರಲಿಲ್ಲ. ವರ್ತೂರಿನ ಅರ್ಧ ಜನರ ದನಿಯನ್ನು ನಕಲು ಮಾಡುವ ಬಾಯಿ ಇದು — ನೀರಿನ ಟ್ಯಾಂಕರ್ ಡ್ರೈವರ್, ನನ್ನ ಮ್ಯಾನೇಜರ್, ಬಾಡಿಗೆ ಕೇಳಲು ಮಹಡಿ ಹತ್ತುವ ನಿಮ್ಮ ಮಗ ರವಿಯಣ್ಣ. ನನ್ನದೇ ದನಿಯಲ್ಲಿ ಒಂದು ನಿಜ ಹೇಳು ಎಂದರೆ ಮಾತ್ರ ಇನ್ಯಾರದೋ ದನಿ ತೆಗೆಯುತ್ತದೆ.

ಚಳಿಗಾಲ ಅದು. ನಿಮ್ಮ ನಡುಮನೆಯಲ್ಲಿ ಪುಟ್ಟ ಗಾಜಿನ ತೊಟ್ಟಿ, ಒಳಗೆ ನಾಲ್ಕು ಏಂಜೆಲ್ ಮೀನು. ಹಳೆಯ ಹೀಟರ್, ನೀರು ಎಷ್ಟು ಕಾದರೂ ತಾನಾಗಿ ನಿಲ್ಲುವ ಜಾತಿಯದಲ್ಲ. ಬೆಳಿಗ್ಗೆ ಸ್ವಿಚ್ ಹಾಕಿ, ಆಗಾಗ ಗಾಜಿಗೆ ಕೆನ್ನೆಯಿಟ್ಟು ಬಿಸಿ ನೋಡಿ, ನೀವೇ ಆರಿಸುತ್ತಿದ್ದಿರಿ.

ಅಂದು ನೀವು ಮಾಕಳಿಯ ನಿಮ್ಮ ಅಕ್ಕನ ಮನೆಗೆ ಹೊರಟಿರಿ. ನನಗೆ ರಜೆ. ಮಹಡಿಯಿಂದ ನನ್ನನ್ನು ಕೆಳಗೆ ಕರೆದು ಕೀ ಕೊಟ್ಟಿರಿ.

"ಮಧ್ಯಾನ ಒಂದ್ ಚಿಟಿಕೆ ಊಟ ಆಕಪ್ಪ ಸೀನ. ಜಾಸ್ತಿ ಆಕ್ಬೇಡ, ಅವೂ ನಿನ್ನಂಗೇ, ಕೊಟ್ಟಷ್ಟೂ ತಿಂತಾವೆ."

ಊಟ ಹಾಕಿದೆ. ಅಷ್ಟಕ್ಕೇ ಹೊರಗೆ ಬಂದಿದ್ದರೆ — ಗೆಳೆಯರಿಗೆ ವಿಡಿಯೊ ಕಳಿಸುವ ಚಪಲ. ಟವೆಲನ್ನು ಸೆರಗು ಮಾಡಿಕೊಂಡು ನೀವಾದೆ. ಗಾಜಿಗೆ ಕೆನ್ನೆ ಒತ್ತಿ, "ಅಯ್ಯೋ ನನ್ ಕಂದಮ್ಮಗಳಾ, ಇಂಗೆ ನಡುಗ್ತಿದೀರಲ್ಲ" ಎನ್ನುತ್ತ ನಿಮ್ಮಂತೆಯೇ ಸ್ವಿಚ್ ಒತ್ತಿದೆ. "ಸಕ್ಕತ್ ಮಗಾ, ಇನ್ನೊಂದು ಬಿಡು" ಎಂದು ಗೆಳೆಯರಿಂದ ಉತ್ತರ ಬಂತು. ಇನ್ನೊಂದು ಬಿಡಲು ಬೀಗ ಹಾಕಿ ಮೇಲೆ ಓಡಿದೆ. ನಿಮ್ಮಂತೆ ಹಾಕಲು ಬಂದಿತ್ತು. ನಿಮ್ಮಂತೆ ಆರಿಸಲು —

ಸಂಜೆ ನೀವು ಕೂಗಿದಿರಿ. ಇಳಿದು ಬಂದೆ. ನಾಲ್ಕೂ ಮೇಲೆ ತೇಲುತ್ತಿದ್ದವು. ರವಿಯಣ್ಣ ಪಕ್ಕದಲ್ಲೇ ನಿಂತಿದ್ದರು. ನೀವು ಸ್ವಿಚ್ ನೋಡಿದಿರಿ, ಆಮೇಲೆ ನನ್ನ ಮುಖ.

"ನಾನ್ ಆಫ್ ಮಾಡ್ದಂಗಿತ್ತಲ್ಲೋ…"

"ನೀವೇ ಮರ್ತಿರ್ಬೇಕು ಆಂಟಿ. ನಾನು ಸ್ವಿಚ್ ಕಡೆ ನೋಡ್ಲೇ ಇಲ್ಲ."

ರವಿಯಣ್ಣ ನಿಟ್ಟುಸಿರು ಬಿಟ್ಟರು. "ಅಮ್ಮಂಗೆ ಯಾಕೋ ಈಚೆಗೆ ಜ್ಞಾಪಕ ಕಮ್ಮಿ ಆಗೈತೆ" ಎಂದರು. ನೀವು ಸ್ವಿಚ್ ಆರಿಸಿದಿರಿ, ಆರಿದೆಯೇ ಎಂದು ಮತ್ತೆ ಮುಟ್ಟಿ ನೋಡಿದಿರಿ.

ಅಲ್ಲಿಂದ ಶುರುವಾಯಿತು. ಗ್ಯಾಸ್ ಆರಿಸಿ ಮತ್ತೆ ಮತ್ತೆ ನೋಡುವುದು. ಹಾಕಿದ ಬೀಗ ತೆಗೆದು ಮತ್ತೆ ಹಾಕುವುದು. ಎರಡು ಬಸ್ಸು ಬದಲಿಸಿ ಒಬ್ಬರೇ ಮಾಕಳಿಗೆ ಹೋಗುತ್ತಿದ್ದ ನಿಮ್ಮನ್ನು ಒಂಟಿಯಾಗಿ ಕಳಿಸಲು ರವಿಯಣ್ಣ ಒಪ್ಪಲಿಲ್ಲ. ನೀವೂ ಹಟ ಮಾಡಲಿಲ್ಲ. ಹಟ ಮಾಡದ ಜಯಮ್ಮಾಂಟಿಯನ್ನು ನಕಲು ಮಾಡಲು ನನಗೆ ಬರಲೇ ಇಲ್ಲ — ನಿಮ್ಮ ದನಿ ತೆಗೆಯುವುದನ್ನೇ ಬಿಟ್ಟೆ. ಬಿಟ್ಟೆ, ಅಷ್ಟೆ. ಹೇಳಲಿಲ್ಲ.

ಹೋದ ತಿಂಗಳು ನಾಲ್ಕು ಮೀನುಮರಿಗಳ ಜೊತೆ, ತೊಟ್ಟಿಯನ್ನು ತಾನೇ ನೋಡಿಕೊಳ್ಳುವ ಆ ಕಂಟ್ರೋಲರ್ ಪೆಟ್ಟಿಗೆ ತಂದುಕೊಟ್ಟೆ. ನೀರಿನೊಳಗೆ ಅದರದೊಂದು ಸೆನ್ಸರ್; ಇಪ್ಪತ್ತಾರು ಡಿಗ್ರಿ ಮುಟ್ಟಿದರೆ ಹೀಟರನ್ನು ತಾನೇ ನಿಲ್ಲಿಸುತ್ತದೆ, ತಣ್ಣಗಾದರೆ ತಾನೇ ಹಾಕುತ್ತದೆ. ಹೊತ್ತಿಗೆ ದೀಪ, ಹೊತ್ತಿಗೆ ಚಿಟಿಕೆ ಊಟ. ಏರುಪೇರಾದರೆ ಮೊಬೈಲಿಗೆ ಸುದ್ದಿ. ಹೀಟರ್ ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನೂ ಬರೆದಿಡುತ್ತದೆ. ಅಂದು ಇದ್ದಿದ್ದರೆ ಮೀನು ಬದುಕುತ್ತಿದ್ದವು, ನಾನು ಸಿಕ್ಕಿಬೀಳುತ್ತಿದ್ದೆ. ಮರಿಗಳು ಈಗ ಚುರುಕಾಗಿವೆ, ಬಾಲ ಬೀಸಿಕೊಂಡು ಜಗಳವಾಡುತ್ತಿವೆ.

ಲೆಕ್ಕ ಚುಕ್ತಾ ಎಂದುಕೊಂಡಿದ್ದೆ. ನೀವು ನನ್ನ ತಲೆ ಸವರಿ, "ನನ್ನಂತಾ ಮರೆಗುಳಿಗೆ ಇದೇ ಸರಿ ಕಣಪ್ಪ" ಎಂದಿರಿ. ನಾನು ಹಲ್ಲು ಕಿರಿದೆ. ಅದೇ ಸುಳ್ಳನ್ನು ಎರಡನೆಯ ಸಲ — ಈ ಸಲ ಉಡುಗೊರೆ ಮಾಡಿ — ನಿಮ್ಮ ಕೈಗಿಟ್ಟಿದ್ದೆ.

ಅದಕ್ಕೇ ಈ ಕಾಗದ. ಭಾನುವಾರ ರವಿಯಣ್ಣ ಮನೆಯಲ್ಲಿರುವಾಗ ಇದನ್ನು ನಿಮ್ಮಿಬ್ಬರ ಮುಂದೆ ನಾನೇ ಓದುತ್ತೇನೆ. ರೂಮು ಖಾಲಿ ಮಾಡು ಎಂದರೆ ಮಾಡುತ್ತೇನೆ. ಆದರೆ ಅದಕ್ಕೂ ಮೊದಲು ಅವರಿಗೆ ಹೇಳುವುದಿದೆ: ನಿಮ್ಮಮ್ಮ ಏನನ್ನೂ ಮರೆತಿಲ್ಲ, ಅವರನ್ನು ತಡೆಯಬೇಡಿ.

ನೀವು ಮಾಕಳಿಗೆ ಹೊರಡಿ ಆಂಟಿ, ಒಬ್ಬರೇ. ಮೀನಿನ ಚಿಂತೆ ಬೇಡ. ನಿಮ್ಮಕ್ಕ ಇರು ಎಂದರೆ ಇನ್ನೂ ಎರಡು ದಿನ ಇದ್ದೇ ಬನ್ನಿ.