ಊದೋ ಮೆಷೀನು ಊರಲ್ಲೇ ಉಳಿದದ್ದು

ಆಸ್ಪತ್ರೆಯಲ್ಲಿ ನಿನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ನಾನು ನರ್ಸೂ ಅಲ್ಲ, ಕ್ಲರ್ಕೂ ಅಲ್ಲ. ಕುಶಾಲನಗರದಿಂದ ಸೋಮವಾರಪೇಟೆ, ಮಾದಾಪುರದವರೆಗೆ ಸಣ್ಣ ಸಣ್ಣ ಊರುಗಳಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಡಾಕ್ಟರುಗಳನ್ನು ಕಂಡು, ನಮ್ಮಲ್ಲಿ ಯಾವ ದಿನ ಯಾವ ಸ್ಪೆಷಲಿಸ್ಟ್ ಕೂರುತ್ತಾರೆ, ಹೊಸದಾಗಿ ಯಾವ ಪರೀಕ್ಷೆ ಶುರುವಾಗಿದೆ ಎಂದು ಬಣ್ಣದ ಪೇಪರು ಕೊಟ್ಟು ತಿಳಿಸುವುದು ನನ್ನ ಕೆಲಸ. ಹತ್ತನೇ ತರಗತಿ ಪಾಸು ಮಾಡುವಾಗಲೇ ನನಗೆ ಮೂವತ್ತು ದಾಟಿತ್ತು. ಅದಕ್ಕೆ ಮೊದಲು ಎಸ್ಟೇಟಿನಲ್ಲಿ ಕೆಲಸಕ್ಕಿದ್ದೆ. ಹಾಗಾಗಿ ದಾರಿಗಳು ಗೊತ್ತು, ಗೇಟುಗಳು ಗೊತ್ತು, ಯಾವ ಮನೆಯ ನಾಯಿ ಬೊಗಳುತ್ತದೆ, ಯಾವುದು ಬೊಗಳದೆ ಬಂದು ಕಚ್ಚುತ್ತದೆ ಎನ್ನುವುದೂ ಗೊತ್ತು. ನನಗೆ ಈ ಕೆಲಸ ಸಿಕ್ಕಿದ್ದು ಅದರಿಂದಲೇ ಇರಬೇಕು.

ಆ ವರ್ಷ ನಮ್ಮಲ್ಲಿಗೆ ಎದೆಯ ಕಾಯಿಲೆ ನೋಡುವ ಡಾಕ್ಟರಮ್ಮ ಬಂದರು. ಧಾರವಾಡದ ಕಡೆಯವರು, ವಯಸ್ಸು ಚಿಕ್ಕದು. ಪ್ರತಿ ಮಂಗಳವಾರ ಅವರ ಒಪಿಡಿ. ಅವರ ಜೊತೆ ಒಂದು ಮೆಷೀನೂ ಬಂತು. ಬಾಯಿಗೆ ಕೊಳವೆ ಇಟ್ಟುಕೊಂಡು ಜೋರಾಗಿ ಊದಿದರೆ ಶ್ವಾಸಕೋಶದಲ್ಲಿ ಎಷ್ಟು ಬಲವಿದೆ ಎಂದು ಅದು ಗೆರೆ ಎಳೆದು ತೋರಿಸುತ್ತಿತ್ತು. ಆಯಾಗಳೆಲ್ಲ ಅದನ್ನು ಊದೋ ಮೆಷೀನು ಎಂದೇ ಕರೆದರು. ಅದಕ್ಕೆ ಮೊದಲು ಈ ಪರೀಕ್ಷೆಗೆ ಮೈಸೂರಿಗೇ ಹೋಗಬೇಕಿತ್ತು. ನನ್ನ ಅತ್ತಿಗೆ ಉಬ್ಬಸ ಇಟ್ಟುಕೊಂಡು ಬಸ್ಸಿನಲ್ಲಿ ಕಿಟಕಿಯ ಹೊರಗೆ ತಲೆ ಹಾಕಿ ಹೋಗಿಬರುತ್ತಿದ್ದುದನ್ನು ನಾನು ನೋಡಿದ್ದೇನೆ. ಮೆಷೀನು ಊರಿಗೆ ಬಂದದ್ದು ನನಗೆ ಸ್ವಂತ ಸಂತೋಷವಾಗಿತ್ತು.

ಡಾಕ್ಟರಮ್ಮನಿಗೆ ಇನ್ನೂ ಒಂದು ಆಸೆ. ಎಸ್ಟೇಟಿನ ಆಳುಗಳಿರುವ ಲೈನುಮನೆಗಳ ಸೌದೆ ಒಲೆಯ ಹೊಗೆ, ಕಾಳುಮೆಣಸು ಬಿಡಿಸುವಾಗ ಏಳುವ ಧೂಳು, ಇವು ಜನರ ಉಸಿರಿಗೆ ಏನು ಮಾಡುತ್ತವೆ ಎಂದು ವರ್ಷಗಟ್ಟಲೆ ಕೂತು ನೋಡಬೇಕು ಎನ್ನುತ್ತಿದ್ದರು. ಆದರೆ ಮಂಗಳವಾರದ ಬೆಂಚು ಖಾಲಿ. ಜನ ಮೊದಲು ಹೋಗುವುದು ತಮ್ಮೂರಿನ ಡಾಕ್ಟರ ಹತ್ತಿರ. ಅವರು ಕಳಿಸಿದರೆ ಮಾತ್ರ ನಮ್ಮಲ್ಲಿಗೆ ಬರುತ್ತಾರೆ. ಅವರು ಕಳಿಸುತ್ತಿರಲಿಲ್ಲ.

ಬೆಂಗಳೂರಿನಿಂದ ಬಂದಿದ್ದ ಮ್ಯಾನೇಜರು ಮಾರ್ಚ್ ಕೊನೆಯವರೆಗೆ ಗಡುವು ಕೊಟ್ಟರು. ಅಷ್ಟರೊಳಗೆ ಬೆಂಚು ತುಂಬದಿದ್ದರೆ ಮಂಗಳವಾರದ ಒಪಿಡಿ ಬಂದ್, ಮೆಷೀನು ಮೈಸೂರಿನ ನಮ್ಮ ಇನ್ನೊಂದು ಶಾಖೆಗೆ. ಮೆಷೀನು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಸ್ಟೋರಿನಿಂದ ತರಿಸಿ ಅವರ ಮೇಜಿನ ಕೆಳಗೇ ಇಟ್ಟುಕೊಂಡಿದ್ದರು.

"ಒಂದು ಮೀಟಿಂಗ್ ಇಡೋಣ," ಎಂದರು ಅವರು. "ಎಲ್ಲ ಡಾಕ್ಟರ್ಸನ್ನ ಕರೀರಿ. ಮೇಡಂ ಮಾತಾಡ್ಲಿ. ಈ ಶನಿವಾರ ಸಂಜೆ."

"ಸಾರ್, ಈಗ ಬೇಡ. ಹೂಮಳೆ ಬಂದಿಲ್ಲ," ಎಂದೆ.

"ಮಳೆ ಬಂದಿಲ್ಲ ಅಂದ್ರೆ ಒಳ್ಳೇದೇ ಅಲ್ವಾ? ಆರಾಮಾಗಿ ಬರ್ತಾರೆ."

"ಅದಲ್ಲ ಸಾರ್. ಮಳೆ ಬರದಿದ್ರೆ ಕಾಫಿಗೆ ಸ್ಪ್ರಿಂಕ್ಲರಲ್ಲಿ ನೀರು ಹಾರಿಸ್ಬೇಕು, ಇಲ್ಲಾಂದ್ರೆ ಹೂ ಬಿಡಲ್ಲ. ನಮ್ಮ ಡಾಕ್ಟರುಗಳಿಗೆಲ್ಲ ತೋಟ ಇದೆ."

"ರೀ, ಡಾಕ್ಟ್ರು ಅಂದ್ರೆ ಡಾಕ್ಟ್ರು. ಅವರೇನು ಪೈಪ್ ಹೊರ್ತಾರಾ?"

ಒಂದೇ ಬೆರಳಿನಲ್ಲಿ ಕೀಲಿ ಹುಡುಕಿ ಹುಡುಕಿ ಆಮಂತ್ರಣ ಟೈಪು ಮಾಡಿದೆ, ಎಲ್ಲರಿಗೂ ಕಳಿಸಿದೆ. ಶನಿವಾರ ಕುರ್ಚಿ ಹಾಕಿಸಿ, ವಡೆ ತರಿಸಿ ಕಾದೆವು. ಬಂದವರು ಇಬ್ಬರು. ಒಬ್ಬರು ಹಲ್ಲಿನ ಡಾಕ್ಟರು. ಇನ್ನೊಬ್ಬರು ಆಗಷ್ಟೇ ಬಾಡಿಗೆ ಮನೆಗೆ ಬಂದಿದ್ದವರು. ಇಬ್ಬರಿಗೂ ಒಂದು ಕಾಫಿ ಗಿಡವೂ ಇರಲಿಲ್ಲ. ಡಾಕ್ಟರಮ್ಮ ಇಬ್ಬರಿಗೇ ಅಷ್ಟೂ ವಿಷಯ ಹೇಳಿ ಮುಗಿಸಿದರು. ಹಲ್ಲಿನ ಡಾಕ್ಟರು ವಡೆ ಚೆನ್ನಾಗಿದೆ ಎಂದು ಎರಡು ಸಲ ಹೇಳಿದರು.

"ಇಲ್ಲಿಯವರಿಗೆ ಇಂಟರೆಸ್ಟ್ ಇಲ್ಲ ಬಿಡ್ರಿ ಅಣ್ಣಾ," ಎಂದರು ಡಾಕ್ಟರಮ್ಮ ಕೊನೆಗೆ. "ನಾ ಮೈಸೂರಿಗೇ ಹೋಗ್ತೀನಿ."

"ಇಂಟರೆಸ್ಟ್ ಇದೆ ಮೇಡಂ. ಕರೆಂಟ್ ಇಲ್ಲ ಅಷ್ಟೇ. ಮೋಟರಿಗೆ ಬೇಕಾದ ತ್ರೀ ಫೇಸ್ ಬರೋದು ಯಾವಾಗಲೋ ಸ್ವಲ್ಪ ಹೊತ್ತು. ಆಗ ತೋಟ ಬಿಟ್ಟು ಯಾರೂ ಬರಲ್ಲ. ನಾಳೆ ನನ್ನ ಜೊತೆ ಬನ್ನಿ. ಕಾಲಿಗೆ ಬೂಟು ಹಾಕ್ಕೊಳ್ಳಿ."

ಮರುದಿನ ಅವರ ಕಾರಿನಲ್ಲೇ ಮಾದಾಪುರದ ಕಡೆ ಹೊರಟೆವು. ಅಲ್ಲಿ ಎಲ್ಲರಿಗಿಂತ ಹಿರಿಯ ಡಾಕ್ಟರು ಒಬ್ಬರಿದ್ದಾರೆ. ಬೆಳಿಗ್ಗೆ ಕ್ಲಿನಿಕ್ಕು, ಮಧ್ಯಾಹ್ನದ ಮೇಲೆ ತೋಟ. ಸುತ್ತಿನ ಬೇರೆ ಡಾಕ್ಟರುಗಳು ಏನೇ ಅನುಮಾನ ಬಂದರೂ ಫೋನು ಮಾಡುವುದು ಅವರಿಗೇ. ಅವರು ಒಬ್ಬ ರೋಗಿಯನ್ನು ಕಳಿಸಿದರೆ ಉಳಿದವರೂ ಕಳಿಸುತ್ತಾರೆಂದು ನನಗೆ ಗೊತ್ತಿತ್ತು.

ಅವರು ತೋಟದಲ್ಲಿ, ಕೆರೆಯ ಮೇಲಿನ ಬ್ಲಾಕಿನಲ್ಲಿದ್ದರು. ಮಂಡಿಯವರೆಗಿನ ಚಡ್ಡಿ, ತಲೆಗೆ ಟವೆಲು. ಅಸ್ಸಾಮಿನ ಇಬ್ಬರು ಆಳುಗಳ ಜೊತೆ ಪೈಪಿನ ಒಂದು ತುದಿ ಹೊತ್ತು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಕೂಗುತ್ತಿದ್ದರು. ನನ್ನನ್ನು ಕಂಡವರೇ, "ಎಂತ ಮಾರಾಯ, ಭಾನುವಾರನೂ ಬಿಡಲ್ವಾ ನೀನು? ಇವತ್ತು ನಿಮ್ಮ ಆಸ್ಪತ್ರೆ ಬಿಲ್ಡಿಂಗಿನ ಯಾವ ಫೋಟೋ ತಂದೆ?" ಎಂದರು.

"ಫೋಟೋ ಇಲ್ಲ ಸಾರ್. ಡಾಕ್ಟರನ್ನೇ ಕರ್ಕೊಂಡು ಬಂದಿದೀನಿ."

ಅಷ್ಟರಲ್ಲಿ ಸ್ಪ್ರಿಂಕ್ಲರಿನ ಜೆಟ್ಟು ತಿರುಗಿ ಬಂದು ಡಾಕ್ಟರಮ್ಮನನ್ನು ಅಡಿಯಿಂದ ಮುಡಿಯವರೆಗೆ ನೆನೆಸಿತು. ನಾನು ಕಣ್ಣು ಮುಚ್ಚಿಕೊಂಡೆ. ಕೆಲಸ ಕೆಟ್ಟಿತು ಅಂದುಕೊಂಡರೆ ಅವರು ಮುಖ ಒರೆಸಿಕೊಂಡು, "ಈಗ ನಾನೂ ಹೂ ಬಿಡ್ತೀನೇನ್ರಿ ಸಾರ್?" ಎಂದರು.

ಹಿರಿಯರು ಜೋರಾಗಿ ನಕ್ಕರು. ನಕ್ಕವರು ಕೆಮ್ಮಿದರು. ಕೆಮ್ಮು ನಿಲ್ಲಲು ತುಂಬ ಹೊತ್ತು ಹಿಡಿಯಿತು. ಡಾಕ್ಟರಮ್ಮ ಅದನ್ನು ತಲೆ ವಾಲಿಸಿ ಕೇಳುತ್ತಾ ನಿಂತಿದ್ದರು.

ಜಗುಲಿಯಲ್ಲಿ ಕೂರಿಸಿ, ಅವರ ಹೆಂಡತಿ ಟವೆಲು ಕೊಟ್ಟು ಬೆಲ್ಲದ ಕಾಫಿ ತಂದರು. ಡಾಕ್ಟರಮ್ಮ ಮೆಷೀನಿನ ವಿಷಯ, ಹೊಗೆಯ ವಿಷಯ, ಧೂಳಿನ ವಿಷಯ ಎಲ್ಲ ಹೇಳಿದರು. ಹಿರಿಯರು ಲೋಟ ಕೆಳಗಿಟ್ಟರು.

"ನೋಡಮ್ಮ, ಮೆಣಸು ಬಿಡಿಸೋ ಕಾಲಕ್ಕೆ ನನ್ನ ಕ್ಲಿನಿಕ್ ತುಂಬಾ ಕೆಮ್ಮು. ಎಷ್ಟು ವರ್ಷದಿಂದ ನೋಡ್ತಿದೀನಿ. ಯಾರಾದ್ರೂ ನನ್ನ ಕೇಳಿದ್ರಾ? ನೀವು ಆಸ್ಪತ್ರೆಯವರು ಬಣ್ಣದ ಪೇಪರ್ ಕಳಿಸ್ತೀರಿ, ಆ ಮೆಷೀನ್ ಬಂತು, ಈ ಮೆಷೀನ್ ಬಂತು ಅಂತ. ನಾನು ಒಂದು ಪೇಷಂಟ್ ಕಳಿಸಿದ್ರೆ? ಅವನು ಒಂದು ಚೀಲ ಮಾತ್ರೆ ಹಿಡ್ಕೊಂಡು ನನ್ನ ಹತ್ರನೇ ವಾಪಸ್ ಬರ್ತಾನೆ. ಏನಾಗಿತ್ತು, ಏನು ಮಾಡಿದ್ರಿ, ಒಂದು ಮಾತಿಲ್ಲ. ನಾನು ಮಾತ್ರೆ ನೋಡಿ ಕಾಯಿಲೆ ಊಹಿಸ್ಬೇಕು. ಅದಕ್ಕೇ ಕಳಿಸೋದು ಬಿಟ್ಟೆ."

ಬಣ್ಣದ ಪೇಪರುಗಳನ್ನು ಅವರ ಮೇಜಿನ ಮೇಲೆ ಇಟ್ಟು ಬರುತ್ತಿದ್ದವನು ನಾನೇ.

"ನಾನು ಫೋನ್ ಮಾಡ್ತೀನ್ರಿ ಸಾರ್," ಎಂದರು ಡಾಕ್ಟರಮ್ಮ. "ನೀವು ಕಳಿಸಿದ ಒಬ್ಬೊಬ್ಬರದೂ. ಅವತ್ತೇ ಸಂಜೆ, ನಾನೇ."

"ಎಲ್ಲರೂ ಹಾಗೇ ಹೇಳ್ತಾರೆ."

ಒಳಗಿನಿಂದ ಅವರ ಹೆಂಡತಿ ಹೊರಬಂದರು. "ಏನಮ್ಮ, ಊದಿದ್ರೆ ಗೊತ್ತಾಗಿಬಿಡುತ್ತಾ? ಹಾಗಾದ್ರೆ ಮೊದಲು ಇವರನ್ನ ಊದಿಸು. ಇವರು ಕೆಮ್ಮೋದಕ್ಕೆ ನಾಯಿ ಎದ್ದು ಬೊಗಳುತ್ತೆ. ಕೇಳಿದ್ರೆ, ನಾನೇ ಡಾಕ್ಟರು ಅಂತಾರೆ."

"ನೀನು ಒಳಗೆ ಹೋಗು."

"ಹೋಗಲ್ಲ. ಮಂಗಳವಾರ ನಾನೇ ಕರ್ಕೊಂಡು ಬರ್ತೀನಿ ಕಣಮ್ಮ."

ಮಂಗಳವಾರ ಬೆಂಚಿನ ಮೇಲೆ ಅವರನ್ನು ಕಂಡಾಗ ನನಗೆ ನಂಬಿಕೆಯೇ ಬರಲಿಲ್ಲ. ಇಸ್ತ್ರಿ ಮಾಡಿದ ಶರಟು ಹಾಕಿದ್ದರು. ಸೀದಾ ಒಳಗೆ ಬನ್ನಿ ಸಾರ್ ಎಂದರೆ, "ಇವತ್ತು ನಾನು ಪೇಷಂಟು, ನಂಬರ್ ಬರ್ಲಿ," ಎಂದರು. ನಂಬರಿಗೆ ಮುಂದೆ ಯಾರೂ ಇರಲಿಲ್ಲ. ಕೈಯಲ್ಲಿ ಅವರದೇ ಲೆಟರ್‌ಪ್ಯಾಡಿನ ಚೀಟಿ. ತಮ್ಮನ್ನು ತಾವೇ ಕಳಿಸಿಕೊಂಡಿದ್ದರು. ಇಂತಿಷ್ಟು ವಯಸ್ಸಿನ ಗಂಡಸು, ಹಳೆಯ ಕೆಮ್ಮು, ಸಿಗರೇಟು ಬಿಟ್ಟಿದ್ದೇನೆ ಎನ್ನುತ್ತಾನೆ, ಹೆಂಡತಿಯನ್ನೂ ಕೇಳಿ ಖಚಿತಪಡಿಸಿಕೊಳ್ಳುವುದು, ದಯವಿಟ್ಟು ಪರೀಕ್ಷಿಸಿ ತಿಳಿಸಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಒಳಗಿನಿಂದ ಡಾಕ್ಟರಮ್ಮನ ದನಿ ಕಾರಿಡಾರಿಗೆಲ್ಲ ಕೇಳಿಸಿತು. "ಊದ್ರಿ! ಊದ್ರಿ! ಇನ್ನೂ, ಇನ್ನೂ, ಬಿಡಬ್ಯಾಡ್ರಿ!" ಆಯಾಗಳು ಬಾಗಿಲ ಹೊರಗೆ ತಾವೂ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದರು. ಹೊರಗೆ ಬಂದಾಗ ಹಿರಿಯರ ಮುಖ ಕಾಫಿ ಹಣ್ಣಿನಷ್ಟು ಕೆಂಪಾಗಿತ್ತು.

"ಏನಮ್ಮ, ಏನಂತೆ?" ಎಂದು ಕೇಳಿದರು.

"ನಿಮ್ಮ ಡಾಕ್ಟರಿಗೆ ಸಂಜೆ ಫೋನ್ ಮಾಡಿ ಹೇಳ್ತೀನ್ರಿ," ಎಂದರು ಡಾಕ್ಟರಮ್ಮ.

ಅವರು ಒಂದು ಕ್ಷಣ ನೋಡಿ, "ಅವರು ಐದು ಗಂಟೆ ಮೇಲೆ ಸಿಗ್ತಾರೆ. ಮೋಟರ್ ಆಫ್ ಮಾಡಿ ಬರ್ಬೇಕು," ಎಂದು ಹೇಳಿ ಹೋದರು.

ಐದು ಕಳೆದ ಮೇಲೆ ಡಾಕ್ಟರಮ್ಮ ನನ್ನ ಎದುರಿಗೇ ಸ್ಪೀಕರಿನಲ್ಲಿ ಫೋನು ಹಚ್ಚಿದರು.

"ನಮಸ್ಕಾರ್ರಿ ಸಾರ್. ನೀವು ಕಳಿಸಿದ ಪೇಷಂಟ್ ಬಂದಿದ್ರು."

"ಹೌದಾ? ಹೇಗಿದ್ದಾನೆ?" ದನಿಯಲ್ಲಿ ನಗುವಿನ ಸುಳಿವೇ ಇಲ್ಲ.

"ಶ್ವಾಸನಾಳ ಸ್ವಲ್ಪ ಬಿಗಿ ಆಗ್ಯಾವ್ರಿ. ಹೆದರೋದೇನಿಲ್ಲ. ಇನ್ಹೇಲರ್ ಬರೆದು ಕೊಟ್ಟೀನಿ. ಮೆಣಸು ಬಿಡಿಸೋ ಜಾಗದಾಗ ನಿಲ್ಲಬ್ಯಾಡ ಅಂತ ನೀವೂ ಸ್ವಲ್ಪ ಹೇಳ್ರಿ. ಮಾತು ಕೇಳೋ ಮನುಷ್ಯರೇನ್ರಿ ಅವರು?"

"ಇಲ್ಲ. ಆದ್ರೆ ಅವನ ಹೆಂಡತಿ ಕೇಳಿಸ್ತಾಳೆ." ಆಮೇಲೆ, "ಥ್ಯಾಂಕ್ಸ್ ಕಣಮ್ಮ. ಫೋನ್ ಮಾಡಿದೆಯಲ್ಲ," ಎಂದರು.

ಮುಂದಿನ ವಾರ ಅವರು ನಾಲ್ಕೈದು ಜನರನ್ನು ಕಳಿಸಿದರು. ಅವರೆಲ್ಲರ ಬಗ್ಗೆಯೂ ಸಂಜೆ ಫೋನು ಹೋಯಿತು. "ಆ ಹುಡುಗಿ ಫೋನ್ ಮಾಡ್ತಾಳೆ ಮಾರಾಯ" ಎಂಬ ಮಾತು ಹಿರಿಯರಿಂದ ಸೋಮವಾರಪೇಟೆಗೂ ಶಿರಂಗಾಲಕ್ಕೂ ತಲುಪಿತು. ನನ್ನ ಬಣ್ಣದ ಪೇಪರು ಯಾವತ್ತೂ ಅಷ್ಟು ಬೇಗ ತಲುಪಿರಲಿಲ್ಲ. ಹೂಮಳೆಯೂ ಬಂತು, ತೋಟಗಳೆಲ್ಲ ಬೆಳ್ಳಗಾಗಿ ಘಮ್ಮೆಂದವು, ಡಾಕ್ಟರುಗಳಿಗೆ ಪುರುಸೊತ್ತಾಯಿತು. ಮಾರ್ಚ್ ಮುಗಿಯುವ ಹೊತ್ತಿಗೆ ಮಂಗಳವಾರ ಬೆಂಚು ಸಾಲದೆ ಕ್ಯಾಂಟೀನಿನಿಂದ ಸ್ಟೂಲು ತರಿಸಬೇಕಾಯಿತು. ಒಂದು ಸ್ಟೂಲಿನ ಮೇಲೆ ನನ್ನ ಅತ್ತಿಗೆಯೂ ಇದ್ದಳು. ಊರಿನ ಪಂಚಾಯ್ತಿಯನ್ನೆಲ್ಲ ಪಕ್ಕದವರಿಗೆ ಹೇಳುತ್ತಾ ಕೂತಿದ್ದಳು.

ಕೊನೆಯ ದಿನ ಮ್ಯಾನೇಜರು ಕಾರಿಡಾರಿನಲ್ಲಿ ಒಂದು ಸುತ್ತು ನಡೆದು ಸ್ಟೂಲುಗಳನ್ನು ಎಣಿಸಿದರು. ತಮ್ಮ ರೂಮಿಗೆ ಹೋಗಿ ಮೇಜಿನ ಕೆಳಗಿದ್ದ ರಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದ ಹೊರಗೆ ತಳ್ಳಿದರು.

"ಇದು ಯಾರಿಗಾದ್ರೂ ಬೇಕಾ?"

ನಮ್ಮ ಆಯಾ ಓಡಿ ಬಂದು ಎತ್ತಿಕೊಂಡಳು. ಈಗ ಅದರಲ್ಲಿ ಅವಳ ಕೋಳಿ ಕಾವಿಗೆ ಕೂತಿದೆ.